ರಾಮಮ್ಮನ ಎಲೆಯಡಿಕೆ

ರಾಮಮ್ಮ ತೀರಿಕೊಂಡ ಸುದ್ದಿ ಜಾವಳಿಗೆ ಬಂದಾಗ ನಂಜಮ್ಮ ಕಣದಲ್ಲಿ ಕಾಫಿ ಹರವುತ್ತಿದ್ದಳು. ಕಳಸದಿಂದ ಫೋನ್ ಮಾಡಿದವಳು ರಾಮಮ್ಮನ ಮಗಳು ಸುಕನ್ಯಾ. ನಾಲ್ಕು ದಿನ ಇದ್ದು ಬರುತ್ತೇನೆಂದು ಮಗಳ ಮನೆಗೆ ಹೋಗಿದ್ದವರು, ಮಧ್ಯಾಹ್ನ ಹೊಟ್ಟೆ ತುಂಬ ಉಂಡು, ಸ್ವಲ್ಪ ಅಡ್ಡಾಗುತ್ತೇನೆಂದು ಮಲಗಿ, ಮತ್ತೆ ಏಳಲೇ ಇಲ್ಲವಂತೆ.

ನಂಜಮ್ಮ ಬಿಸಿಲಿನಲ್ಲೇ ನಿಂತಳು. ಗಂಡ ದೇವರಾಜನ ಕಡೆ ತಿರುಗಿ, "ಅಕ್ಕ ಹೋಗೋದನ್ನೂ ಮಲಗಿಕೊಂಡೇ ಹೋದ್ರಲ್ರೀ" ಅಂದಳು. ದೇವರಾಜನಿಗೆ ನಗು ಬಂದುಬಿಟ್ಟಿತು. ಆ ನಗು ಮುಗಿಯುವ ಮೊದಲೇ ಇಬ್ಬರೂ ಅತ್ತರು.

ರಾಮಮ್ಮ ದೇವರಾಜನ ಅಣ್ಣನ ಹೆಂಡತಿ. ಎಂಬತ್ತು ದಾಟಿದ ಜೀವ. ಒಂದೇ ಅಂಗಳಕ್ಕೆ ಎರಡು ಮನೆ. ಸೊಸೆಯಾಗಿ ಬಂದ ದಿನದಿಂದ ನಂಜಮ್ಮ ಅವರನ್ನು ಅಕ್ಕ ಎಂದೇ ಕರೆದವಳು. ಹಿಡಿದ ಕೆಲಸ ಮುಗಿಯದೆ ಕೂರುವುದು ನಂಜಮ್ಮನ ಜಾತಕದಲ್ಲೇ ಇರಲಿಲ್ಲ. ರಾಮಮ್ಮನಿಗೋ, ನಂಜಮ್ಮನ ಕೆಲಸಕ್ಕೆ ಕಳೆ ಕಟ್ಟುವ ಹೊತ್ತಿಗೇ ಬಾಯಿ ಒಣಗುತ್ತಿತ್ತು. "ನಂಜೂ, ಎಲೆ ಮಡಿಸಿಕೊಡು ಬಾರೇ" ಎಂದು ಜಗಲಿಯಿಂದ ಕೂಗುವರು. ಹಿರಿಯರ ಮಾತು ಮೀರುವಂತಿಲ್ಲ. ನಂಜಮ್ಮ ಕೈತೊಳೆದು, ಪಕ್ಕದಲ್ಲಿ ಕೂತು, ಎಲೆಯ ತೊಟ್ಟು ಮುರಿದು ಸುಣ್ಣ ಸವರುವಳು. ಸುಣ್ಣ ಹೆಚ್ಚಾಯಿತು, ಇನ್ನೊಂದು ಮಡಿಸು ಅನ್ನುವರು ರಾಮಮ್ಮ. ಅಷ್ಟರಲ್ಲಿ ಊರಿನ ಯಾವುದೋ ಮದುವೆಯ ಕಥೆ ಶುರುವಾಗಿರುತ್ತಿತ್ತು. ದಿನಕ್ಕೆ ಎಷ್ಟು ಸಲವೋ ಹೀಗೆ. ರಾಮಮ್ಮನ ಬಾಯಿಗೆ ಒಂದು ವೀಳ್ಯದೆಲೆಯ ತೋಟವೇ ಸಾಲದೆಂದು ಊರವರು ಆಡಿಕೊಳ್ಳುತ್ತಿದ್ದರು.

ತಮ್ಮ ತಿಥಿಯ ಎಡೆಗೆ ಏನಿಡಬೇಕೆಂದೂ ರಾಮಮ್ಮ ಮೊದಲೇ ಹೇಳಿಟ್ಟಿದ್ದರು: ನಂಜಮ್ಮನ ಕೈಯ ಒತ್ತುಶಾವಿಗೆ, ಮೇಲೆ ಕಾಯಿಹಾಲು. ಬೇರೆಯವರು ಒತ್ತಿದ್ದನ್ನು ಇಟ್ಟರೆ, ಕಾಗೆಯಾಗಿ ಬಂದರೂ ಮೂಸಿ ನೋಡುವುದಿಲ್ಲ ಎಂದು ಎಲ್ಲರೆದುರಿಗೂ ಹೆದರಿಸಿದ್ದರು.

ಜಾವಳಿಗೆ ತಂದು ಮಣ್ಣು ಮಾಡಿದ್ದಾಯಿತು. ಮಾತಾಡಿಸಲು ಬರುವವರ ಸಾಲು ಹತ್ತಿತು. ಬಂದವರಿಗೆಲ್ಲ ಕಾಫಿ, ದೂರದವರಿಗೆ ಊಟ. ನಂಜಮ್ಮ ಕೋಳಿ ಕೂಗುವ ಮೊದಲು ಎದ್ದರೆ ಎಲ್ಲರೂ ಮಲಗುವ ತನಕ ಒಲೆಯ ಮುಂದೆ. ರಾತ್ರಿ ಚಾಪೆಯ ಮೇಲೆ ಕಣ್ಣು ಮುಚ್ಚಿದರೂ ನಿದ್ದೆ ಹತ್ತುತ್ತಿರಲಿಲ್ಲ. ಜಗಲಿಯಿಂದ ಕೂಗುವವರು ಈಗ ಯಾರೂ ಇರಲಿಲ್ಲ.

ತಿಥಿಗೆ ಮೂರು ದಿನ ಉಳಿದಿರುವಾಗ ನೆಲಕ್ಕೆ ಬಿದ್ದ ಚಮಚ ಎತ್ತಲು ಬಗ್ಗಿದಳು. ಸೊಂಟ ಹಿಡಿದುಕೊಂಡಿತು. ಬಗ್ಗಿದವಳು ಬಗ್ಗಿದಂತೆಯೇ ಉಳಿದಳು.

ಈ ನೋವು ಹೊಸದಲ್ಲ. ವರ್ಷಗಳಿಂದ ಬಂದು ಹೋಗುತ್ತಿದ್ದ ನೆಂಟ. ದೀಪಾವಳಿಯ ಮಾರನೆಯ ದಿನ ಬರುತ್ತಿತ್ತು, ಕಾಫಿ ಕೊಯ್ಲಿನ ಕೊನೆಗೆ ಬರುತ್ತಿತ್ತು, ರಾಮಮ್ಮ ಮಗಳ ಮನೆಗೆ ಹೋದಾಗಲಂತೂ ತಪ್ಪದೆ ಬರುತ್ತಿತ್ತು. ನಿನ್ನ ಸೊಂಟಕ್ಕೆ ಅತ್ತಿಗೆಯ ನೆನಪಾಗಿದೆ ಎಂದು ದೇವರಾಜ ತಮಾಷೆ ಮಾಡುತ್ತಿದ್ದ. ಭಾರ ಎತ್ತಿದ್ದಕ್ಕೇ ನೋವು ಎಂದು ನಂಬಿದ್ದ ನಂಜಮ್ಮ ಕೊಡ ಎತ್ತುವುದನ್ನೂ ಬಿಟ್ಟು, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು, ಬಾಕಿ ಕೆಲಸವನ್ನೆಲ್ಲ ನಿಂತೇ ಮಾಡುತ್ತಿದ್ದಳು.

ಇಂದು ಅವಳಿಗೆ ನೋವಿಗಿಂತ ಶಾವಿಗೆಯ ಚಿಂತೆ ದೊಡ್ಡದಾಯಿತು. ಅಕ್ಕ ಕೇಳಿದ್ದು ಅದೊಂದೇ. ಅದೂ ತನ್ನ ಕೈಯಿಂದ ಆಗದೆ ಹೋದರೆ?

ದೇವರಾಜ ಅವಳನ್ನು ಜೀಪಿನಲ್ಲಿ ಕೂರಿಸಿ ಮೂಡಿಗೆರೆಗೆ ಕರೆದೊಯ್ದ. ಜೊತೆಗೆ ಸುಕನ್ಯಾಳೂ ಹೊರಟಳು. ಅಲ್ಲಿ ಬೆನ್ನುನೋವಿಗೆ ವ್ಯಾಯಾಮ ಹೇಳಿಕೊಡುವ ಸುಪ್ರಿಯಾ ಎಂಬ ಹುಡುಗಿ, ಕಾಲಿಗೆ ಜೋಮು ಇದೆಯೇ, ಶಕ್ತಿ ಇದೆಯೇ ಎಂದೆಲ್ಲ ನೋಡಿ, ಏನು ಭಾರ ಎತ್ತಿದಿರಿ ಎಂದು ಕೇಳಿದಳು.

"ಚಮಚ" ಅಂದ ದೇವರಾಜ.

ಸುಪ್ರಿಯಾ ನಗು ತಡೆದುಕೊಂಡು, ಬೆಳಗಿನಿಂದ ಎಷ್ಟು ಸಲ ಕೂತಿರಿ ಅಂದಳು. ನಂಜಮ್ಮ ಯೋಚಿಸಿ, ಜೀಪಿನಲ್ಲಿ ಕೂತದ್ದೇ ಮೊದಲು ಅಂದಳು. ಆಗ ಹುಡುಗಿ ನಿಧಾನವಾಗಿ ಬಿಡಿಸಿ ಹೇಳಿದಳು. ಬೆನ್ನಿನ ಮಾಂಸಖಂಡಗಳು ದಿನವಿಡೀ ಮೈಯನ್ನು ಹಿಡಿದು ನಿಲ್ಲಿಸುತ್ತವೆ. ಅವು ದಣಿದರೆ ಹಿಡಿತ ಸಡಿಲವಾಗುತ್ತದೆ. ಆಮೇಲೆ ಚಮಚವೂ ಮೂಟೆಯೇ. ನಿದ್ದೆ ಕೆಟ್ಟರೆ ಸಣ್ಣ ನೋವೂ ದೊಡ್ಡದಾಗುತ್ತದೆ, ನೋವಿನಿಂದ ಮತ್ತೆ ನಿದ್ದೆ ಕೆಡುತ್ತದೆ. ಹಾಗೆಂದು ಹಾಸಿಗೆ ಹಿಡಿದು ಮಲಗಬಾರದು. ಓಡಾಡಬೇಕು, ಕೆಲಸವನ್ನೂ ಮಾಡಬೇಕು. "ಸುಸ್ತಾದ ಮೇಲೆ ಕೂರೋದಲ್ಲ ಅಮ್ಮ, ಸುಸ್ತಾಗೋ ಮುಂಚೆ ಕೂತ್ಕೋಬೇಕು" ಅಂದಳು.

ಈ ಮಾತು ಕೇಳಿದ್ದೇ ಸುಕನ್ಯಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ನೋಡಿದರೆ ನಗುತ್ತಿದ್ದಳು.

"ಇವರು ಅಮ್ಮನ ಮಾತನ್ನೇ ಹೇಳ್ತಿದ್ದಾರೆ, ಚಿಕ್ಕಮ್ಮ. ಅಮ್ಮನಿಗೆ ಎಲೆಯಡಿಕೆ ಎಲ್ಲಿ ಸೇರ್ತಿತ್ತು? ಹಲ್ಲು ಹೋದ ಮೇಲೆ ಬಿಟ್ಟೇಬಿಟ್ಟಿದ್ರು. ನೀವು ಎದ್ದು ಹೋದ ತಕ್ಷಣ ಜಗಲಿ ಪಕ್ಕದ ದಾಸವಾಳದ ಬುಡಕ್ಕೆ ಉಗೀತಿದ್ರು."

"ಮತ್ತೆ ನನ್ನ ಕೈಲಿ ಅಷ್ಟು ಮಡಿಸ್ತಿದ್ದದ್ದು?"

"ಕೂತ್ಕೋ ಅಂದ್ರೆ ನೀವು ಕೂರೋರೇ ಅಲ್ವಲ್ಲ. ಎಲೆ ಮಡಿಸು ಅಂದ್ರೆ ಕೂರ್ತಾಳೆ, ಅವಳ ಸೊಂಟ ಉಳೀಬೇಕು ಅಂತಿದ್ರು."

ನಂಜಮ್ಮ ಬೆರಗಾಗಿ ಕೂತಳು. ಆಮೇಲೆ, ಆ ದಾಸವಾಳ ಯಾಕೆ ಹಾಗೆ ಬೆಳೆದಿದೆ ಎಂದು ಈಗ ಗೊತ್ತಾಯಿತು ಅಂದಳು. ನಕ್ಕಾಗ ಸೊಂಟ ಚುಳ್ಳೆಂದಿತು, ಆದರೂ ನಕ್ಕಳು.

ಎರಡು ದಿನ ಸುಪ್ರಿಯಾ ಹೇಳಿದಂತೆ ನಡೆದಳು. ಒಲೆಯನ್ನು ಪಕ್ಕದ ಮನೆಯ ಹೆಂಗಸರಿಗೆ ಬಿಟ್ಟಳು, ಅಂಗಳದಲ್ಲಿ ಓಡಾಡಿದಳು, ರಾತ್ರಿ ಬೇಗ ದೀಪ ಆರಿಸಿ ಮಲಗಿದಳು. ಪೂರ್ತಿ ಹೋಗದಿದ್ದರೂ ನೋವು ಹತೋಟಿಗೆ ಬಂತು.

ತಿಥಿಯ ಬೆಳಗ್ಗೆ ಶಾವಿಗೆ ಒತ್ತುವ ಒರಳಿನ ಮುಂದೆ ನಿಂತಳು. ಬೆಂದ ಅಕ್ಕಿಹಿಟ್ಟಿನ ಉಂಡೆ ಬಿಸಿ ಆರಿದರೆ ಎಳೆ ಬರುವುದಿಲ್ಲ. ಅದಕ್ಕೇ ಅವಳು ಇಷ್ಟು ವರ್ಷ ಎಲ್ಲವನ್ನೂ ಒಟ್ಟಿಗೆ ಬೇಯಿಸಿ, ಒಂದೇ ಉಸಿರಿಗೆ ಒತ್ತುತ್ತಿದ್ದದ್ದು. ಇವತ್ತು ಸ್ವಲ್ಪ ಸ್ವಲ್ಪವೇ ಬೇಯಿಸಿದಳು. ಒಂದು ಸರದಿ ಒತ್ತುವುದು, ಮುಂದಿನದು ಬೇಯುವ ತನಕ ಜಗಲಿಯಲ್ಲಿ ಕೂತು ಎಲೆ ಮಡಿಸುವುದು. ಒರಳಿನ ಹಿಡಿ ಹಿಡಿಯಲು ಸುಕನ್ಯಾ ಬಂದಾಗ ಹುಬ್ಬು ಗಂಟಿಕ್ಕಿ, ಎಡೆಯದ್ದನ್ನು ಮುಟ್ಟಬೇಡ, ಊರವರದ್ದನ್ನು ಬೇಕಾದರೆ ಒತ್ತು ಅಂದಳು. ನಂಜಮ್ಮ ಜಗಲಿಯಲ್ಲಿ ಕೂತಾಗಲೆಲ್ಲ ಕೆಲಸದ ಹೆಂಗಸರೂ ಜೊತೆಗೇ ಕೂತರು. ದಾಸವಾಳದ ಕಥೆ ಊರಿಗೆಲ್ಲ ಹಬ್ಬಿತ್ತು. ಸಾವಿನ ಮನೆಯಲ್ಲಿ ಇಷ್ಟು ನಗಬಹುದೇ ಎಂದು ಒಬ್ಬ ಅಜ್ಜಿ ಗದರಿ, ಕಥೆ ಪೂರ್ತಿ ಕೇಳಿದ ಮೇಲೆ ತಾನೂ ನಕ್ಕಳು.

ಮಣ್ಣು ಮಾಡಿದ ಜಾಗದಲ್ಲಿ ಎಡೆ ಇಟ್ಟು ಎಲ್ಲರೂ ದೂರ ಸರಿದರು. ಬಾಳೆಯ ಎಲೆಯಲ್ಲಿ ಶಾವಿಗೆ, ಕಾಯಿಹಾಲು, ಪಕ್ಕದಲ್ಲಿ ನಂಜಮ್ಮ ಮಡಿಸಿದ ವೀಳ್ಯ. ತೋಟದ ಸಿಲ್ವರ್ ಓಕ್ ಮರದಿಂದ ಕಾಗೆಯೊಂದು ಇಳಿಯಿತು. ಶಾವಿಗೆಯನ್ನು ಎಳೆಎಳೆಯಾಗಿ ತಿಂದಿತು. ವೀಳ್ಯವನ್ನು ಕೊಕ್ಕಿನಿಂದ ಒಮ್ಮೆ ತಿರುವಿ, ಅಲ್ಲೇ ಬಿಟ್ಟು ಹಾರಿತು.

"ಅತ್ತಿಗೇನೇ ಕಣೇ, ಅನುಮಾನ ಇಲ್ಲ" ಅಂದ ದೇವರಾಜ.

ನಂಜಮ್ಮನ ಕಣ್ಣು ತುಂಬಿತು. ಅಡ್ಡಬೀಳಬೇಕೆಂದು ಬಗ್ಗಿದವಳು, ಯಾರೋ ಕೂಗಿದಂತಾಗಿ, ಮೊದಲು ನೆಲದ ಮೇಲೆ ನೆಮ್ಮದಿಯಾಗಿ ಕೂತಳು. ಕೂತೇ ಕೈಮುಗಿದಳು. ತಾಯಿ ಅನ್ನಪೂರ್ಣೇಶ್ವರಿ, ನನ್ನನ್ನು ಕೂರಿಸಿ ಕಾಪಾಡಿದ ಜೀವ ಈಗ ನಿನ್ನ ಮನೆಗೆ ಬಂದಿದೆ. ಅವರಿಗೆ ಹಸಿವು ತಿಳಿಯದಿರಲಿ, ದಣಿವು ತಿಳಿಯದಿರಲಿ. ನಿನ್ನ ಜಗಲಿಯ ತಂಪಿನಲ್ಲಿ ಅಕ್ಕನಿಗೊಂದು ಜಾಗ ಕೊಡು; ಅವರ ಆತ್ಮ ಶಾಂತವಾಗಿರಲಿ.