ಎಲೆಯ ತೇಗು

ಕಂಬದ ತಲೆ ತಿರುಗಿತು. ಅದರ ತುದಿಯ ಯಂತ್ರ ಹೊನ್ನೂರಪ್ಪನ ಜೋಳ ನೋಡಿದ್ದು ಸಾಕೆನಿಸಿದಂತೆ ನಿಧಾನವಾಗಿ ಅಮರಗುಂಡಪ್ಪನ ಹೊಲದ ಕಡೆ ಹೊರಳಿ ನಿಂತಿತು. ಬೇವಿನ ನೆರಳಲ್ಲಿ ಕೂತಿದ್ದ ಅಮರಗುಂಡಪ್ಪ ತನಗರಿವಿಲ್ಲದೆ ರುಮಾಲು ಸರಿಮಾಡಿಕೊಂಡ.

“ಫೋಟೋ ತೆಗಿಯೂದಿಲ್ಲ ಅಂದಿದ್ದಿ ಅಲ್ಲವ್ವಾ?”

“ಇಲ್ರೀ ಕಾಕಾ. ಎಲಿ ಬಿಡೋ ಬೆಳಕು ಅಳಿತೈತಿ, ಅಷ್ಟ,” ಅಂದಳು ಅಶ್ವಿನಿ, ಲ್ಯಾಪ್‌ಟಾಪಿನಿಂದ ತಲೆಯೆತ್ತದೆ. ಪಾಟೀ ಸವಾಲು ಮಾಡುವ ವಕೀಲನಂತೆ ಅವನು ಬಂದಾಗಲೆಲ್ಲ ಅದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಿದ್ದ.

ಸಂಶೋಧನೆಯ ಮಂದಿಯೊಡನೆ ಜವಳಗೇರಾಕ್ಕೆ ಬಂದು ಕಂಬ ನಿಲ್ಲಿಸಿದ ದಿನವೇ ಅವಳು ಬಿಡಿಸಿ ಹೇಳಿದ್ದಳು. “ಎಲಿ ಬಿಸಿಲು ಉಣ್ಣತೈತಿ. ಉಂಡಿದ್ರಾಗ ಚೂರು ಬೆಳಕು ವಾಪಸ್ ಬಿಡತೈತಿ. ನಮ್ಮ ಕಣ್ಣಿಗೆ ಕಾಣಾಂಗಿಲ್ಲ. ಅದನ್ನ ಅಳದ್ರ ಬೆಳಿ ಒಳಗ ಎಷ್ಟು ಅಡಿಗಿ ನಡದೈತಿ ಅಂತ ಗೊತ್ತಾಗತೈತಿ.”

“ಅಂದ್ರ, ಉಂಡು ತೇಗಿದಂಗ ಅನ್ರಿ,” ಅಂದಿದ್ದ ಬದುವಿನಾಚೆಯ ಹೊನ್ನೂರಪ್ಪ. ಅವಳು ನಕ್ಕು ಒಪ್ಪಿಕೊಂಡಳು. ಅಂದಿನಿಂದ ಊರಿಗೆಲ್ಲ ಅದು ತೇಗಿನ ಕಂಬ. ಆಕಾಶದಿಂದ ಉಪಗ್ರಹಗಳೂ ಇದನ್ನೇ ನೋಡುತ್ತವೆ, ಅವು ಹೇಳುವುದು ಖರೆಯೋ ಸುಳ್ಳೋ ಎಂದು ನೆಲದ ಮೇಲೆ ತಾಳೆ ನೋಡಲು ಈ ಕಂಬ ಅಂತಲೂ ಅವಳು ಹೇಳಿದ್ದಳು. ಧೈರ್ಯ ತುಂಬಲೆಂದು ಹೇಳಿದ ಮಾತು. ಅಮರಗುಂಡಪ್ಪ ಅಂದು ರೊಟ್ಟಿ ಸರಿಯಾಗಿ ಉಣ್ಣಲಿಲ್ಲ.

ಹೆಂಡತಿ ಸಂಗಮ್ಮನ ಅನುಮಾನ ಬೇರೆ ತರಹದ್ದು. “ಹಗಲೆಲ್ಲ ಕಣ್ಣು ಪಿಳುಕಿಸದಂಗ ಬೆಳಿ ನೋಡತೈತಿ. ದಿಟ್ಟಿ ತಾಗದ ಬಿಡತೈತೇನು?” ಎಂದು ಕಂಬದ ಬುಡಕ್ಕೆ ಹಳೆಯ ಚಪ್ಪಲಿಯೊಂದನ್ನು ಕಟ್ಟಿ ಕೈ ತೊಳೆದುಕೊಂಡಿದ್ದಳು. ಅಮರಗುಂಡಪ್ಪನ ಭಯಕ್ಕೆ ಚಪ್ಪಲಿ ಸಾಲದು. ಅಶ್ವಿನಿಯ ಊರಾದ ಲಿಂಗಸುಗೂರಿನಲ್ಲಿದ್ದ ಷಡ್ಡಕನಿಗೆ ಫೋನು ಮಾಡಿ ಹುಡುಗಿಯ ಮನೆತನವನ್ನು ವಿಚಾರಿಸಿದ. “ಬಟ್ಟಿ ಅಂಗಡಿ ಮಂದಿ. ಅಳತಿಯೊಳಗ ಗೇಣು ಹಿಡಿತಾರ, ಆದ್ರ ನೀರಾವರಿ ಇಲಾಖೆಗೂ ಅವರಿಗೂ ಸಂಬಂಧಿಲ್ಲ,” ಎಂದು ಷಡ್ಡಕ ಪ್ರಮಾಣಪತ್ರ ಕೊಟ್ಟ. ಅಷ್ಟು ಸುಲಭವಾಗಿ ಸಿಕ್ಕ ಪ್ರಮಾಣಪತ್ರದ ಮೇಲೂ ಅವನಿಗೆ ಅನುಮಾನವೇ ಬಂತು.

ಕಾರಣವಿತ್ತು. ಈ ಸಲ ಎರಡನೇ ಬೆಳೆಗೆ ನೀರಿಲ್ಲ, ಕಾಲುವೆಯಲ್ಲಿ ಹರಿಯುವುದು ಕೆಳಗಿನ ಊರುಗಳಿಗೆ ಕುಡಿಯಲು ಮಾತ್ರ. ಯಾರೂ ಪೈಪು ಇಳಿಸಬಾರದೆಂದು ಊರವರೆಲ್ಲ ಬಸವಣ್ಣನ ಗುಡಿಯಲ್ಲಿ ವಿಭೂತಿ ಮುಟ್ಟಿ ಆಣೆ ಮಾಡಿದ್ದರು. ತಟ್ಟೆ ಹಿಡಿದು ನಿಂತವನು ಅಮರಗುಂಡಪ್ಪನೇ. ಹೊನ್ನೂರಪ್ಪ ಹಿಂದುಮುಂದು ನೋಡಿದ್ದ. ಕಡೆಗೆ, “ಸಾವ್ಕಾರ್ರ ಬಾಯಾಗ ಬಂತಂದ್ರ ಮುಗೀತು,” ಎಂದು ಮುಟ್ಟಿ, ತನ್ನ ಪೈಪನ್ನು ಸುತ್ತಿ ಅಟ್ಟಕ್ಕೆ ಹಾಕಿದ್ದ. ಆಮೇಲೆ ಜೋಳ ಹೊಡೆಹಾಯ್ದು ತೆನೆ ಬಿಡುವ ಹೊತ್ತಿಗೆ ಅಮರಗುಂಡಪ್ಪನ ಮನಸ್ಸು ತಡೆಯಲಿಲ್ಲ. ಕಾಲುವೆ ಏರಿಯ ಬುಡದಲ್ಲಿ ಪೈಪೊಂದು ಮಣ್ಣು ಸೇರಿತು. ಮೋಟರಿಲ್ಲ, ಸದ್ದಿಲ್ಲ, ನೀರು ತಾನೇ ಇಳಿದು ಬರುತ್ತದೆ. ಹೊನ್ನೂರಪ್ಪನ ಬದುವಿಗೆ ಹತ್ತಿದ ಕೆಲವು ಸಾಲುಗಳಿಗೆ ಮಾತ್ರ ಅವನು ಹನಿ ನೀರು ಬಿಡಲಿಲ್ಲ. ಅಲ್ಲಿ ನೆಲ ಬಾಯಿಬಿಟ್ಟಿತ್ತು. ಆಳೆತ್ತರದ ಜೋಳದಲ್ಲಿ ಅದರಾಚೆ ಇಣುಕುವವರು ಯಾರು?

ಕಂಬಕ್ಕೆ ಜಾಗ ತೋರಿಸಿದವನೂ ಅವನೇ. ಅಶ್ವಿನಿ ಹೊಲದ ನಡುವೆ ಕೇಳಿದ್ದಳು. ಕಾಲುವೆಯಿಂದ ಎಷ್ಟು ದೂರವೋ ಅಷ್ಟು ಒಳ್ಳೆಯದೆಂದು ಅವನು ಹೊನ್ನೂರಪ್ಪನ ಬದುವಿಗೆ ಕರೆತಂದ. “ಇಲ್ಲಾದ್ರ ಎರಡೂ ಹೊಲ ಸಿಗತಾವ ಕಾಕಾ!” ಎಂದು ಅವಳು ಹಿಗ್ಗಿದಾಗಲೇ ಅವನ ಎಡಗಣ್ಣು ಅದುರಿತ್ತು.

ಇವತ್ತು ಹೊನ್ನೂರಪ್ಪ ಬಂದು, ಟವೆಲು ಕೊಡವಿ, ಅಶ್ವಿನಿಯ ಪಕ್ಕ ಕುಕ್ಕರಗಾಲಲ್ಲಿ ಕೂತ.

“ಏನಂತೈತಿ ತಂಗೆವ್ವಾ, ನಮ್ಮ ಜ್ವಾಳ? ತೇಗತೈತೋ ಇಲ್ಲೋ?”

ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು. ಜೊತೆಯಾಗಿ ಹೊರಟ ಎರಡು ಗೆರೆಗಳಲ್ಲಿ ಒಂದು ನಡುವೆಯೇ ಕೆಳಗೆ ಜಾರಿತ್ತು.

“ನಿಮ್ಮದು ಸೋತೈತ್ರಿ. ನೋಡಾಕ ಇನ್ನಾ ಹಸರ ಐತಿ, ಆದ್ರ ಮಧ್ಯಾಹ್ನ ಆತಂದ್ರ ಅಡಿಗಿ ಬಂದ್ ಮಾಡತೈತಿ. ನೀರಡಿಸೈತಿ.”

“ಅದಕ್ಕೇನ್ ಮಾಡೂದು. ಸಾವ್ಕಾರ್ರದೂ ಅದ ಪಾಡು.”

“ಇಲ್ರೀ, ಕಾಕಾರದು ಈ ದಂಡಿ ಸಾಲಷ್ಟ ಬಾಡ್ಯಾವ. ಒಳಗ ನೋಡ್ರಿ, ಹೆಂಗ ತೇಗಾಕತ್ತೈತಿ!” ಅವಳು ಮೇಲಿನ ಗೆರೆಯ ಮೇಲೆ ಬೆರಳಿಟ್ಟಳು. ದನಿಯಲ್ಲಿ ಮೆಚ್ಚುಗೆಯಿತ್ತು. “ಕಾಕಾ, ಯಾವ ಬೀಜ ಹಾಕೀರಿ?”

ಅಮರಗುಂಡಪ್ಪ ಆ ಬೀಜವನ್ನೇ ಗಟ್ಟಿಯಾಗಿ ಹಿಡಿದುಕೊಂಡ. “ಹಾಂ, ಬೀಜ ಚಲೋ ಇತ್ತು.”

“ನಂದೂ ನಿಮ್ಮ ಮನಿಯಾಗಿಂದ ಒಯ್ದ ಬೀಜ ಅಲ್ರೀ ಸಾವ್ಕಾರ್ರ?” ಅಂದ ಹೊನ್ನೂರಪ್ಪ. ಕೇಳಿದ್ದು ಮೆತ್ತಗೇ.

“ನೆಲಾನೂ ನೋಡಬೇಕಲ್ಲಲೇ.”

“ಎರಡೂ ಒಂದ ಕರಿ ಎರಿ ನೆಲ. ನಡುವ ಈ ಬದು ಅಷ್ಟ.”

“ಹಂಗಾರ ಮಷಿನ್ ಕೆಟ್ಟಿರಬೇಕು! ಇವತ್ತಿನ ಮಷಿನ್ ಏನ್ ನೆಚ್ಚಿಗಿ?”

“ಮುಂಜಾನೆನ ತಪಾಸ ಮಾಡೀನ್ರಿ ಕಾಕಾ,” ಅಂದಳು ಅಶ್ವಿನಿ, ಕೊಂಚ ನೊಂದವಳಂತೆ.

ಹೊನ್ನೂರಪ್ಪ ಎದ್ದ. ಬೆಳೆಯೊಳಗೆ ಕಾಲಿಡುವವರ ರೂಢಿಯಂತೆ ಚಪ್ಪಲಿಗಳನ್ನು ಬದುವಿನ ಮೇಲೆ ಬಿಟ್ಟ.

“ಹೊನ್ನೂರಾ, ಹಾವು ಅದಾವ ಒಳಗ.”

“ಇರಲಿ ಬಿಡ್ರಿ. ತಂಪು ಇದ್ದಲ್ಲಿ ಇರತಾವ.”

ಅವನು ಅಮರಗುಂಡಪ್ಪನ ಜೋಳದೊಳಗೆ ಕಾಣದಾದ. ಅಲುಗುವ ತೆನೆಗಳಷ್ಟೇ ಅವನು ನಡೆದ ದಾರಿಯನ್ನು ತೋರುತ್ತಿದ್ದವು. ಒಣ ಸಾಲು ದಾಟಿ ಅಲುಗಾಟ ಒಳಗೆ, ಇನ್ನೂ ಒಳಗೆ ಹೋಯಿತು. ಆಮೇಲೆ ನಿಂತಿತು. ಅಮರಗುಂಡಪ್ಪ ಚಹಾದ ಥರ್ಮಾಸಿನ ಮುಚ್ಚಳ ಬಿಚ್ಚಿದ, ಮತ್ತೆ ಮುಚ್ಚಿದ. ತೆನೆಗಳು ಬಹಳ ಹೊತ್ತು ಅಲುಗಲಿಲ್ಲ.

ಹೊರಗೆ ಬಂದಾಗ ಹೊನ್ನೂರಪ್ಪನ ಕಾಲುಗಳು ಹಿಮ್ಮಡದ ಮೇಲಿನವರೆಗೂ ಕರಿ ರಾಡಿಯಾಗಿದ್ದವು. ಅಶ್ವಿನಿ ರಾಡಿಯನ್ನು ನೋಡಿದಳು, ಪರದೆಯ ಗೆರೆಯನ್ನು ನೋಡಿದಳು, ಮೆಲ್ಲಗೆ ಲ್ಯಾಪ್‌ಟಾಪು ಮುಚ್ಚಿದಳು.

“ಮಷಿನ್ನಿಗೆ ಏನೂ ಆಗಿಲ್ಲ ತಂಗೆವ್ವಾ,” ಅಂದ ಹೊನ್ನೂರಪ್ಪ. “ಬರೋಬ್ಬರಿ ಐತಿ.”

ಆಮೇಲೆ ಅಮರಗುಂಡಪ್ಪನತ್ತ ತಿರುಗಿದ. ಕಣ್ಣನ್ನಲ್ಲ, ಹಣೆಯ ಮೇಲಿನ ವಿಭೂತಿಯನ್ನು ನೋಡಿದ.

“ಚಾ ಕುಡದು ಹೋಗಲೇ ಹೊನ್ನೂರಾ,” ಅಂದ ಅಮರಗುಂಡಪ್ಪ.

ಹೊನ್ನೂರಪ್ಪ ಕಾಲು ಒರೆಸಲಿಲ್ಲ. ಚಪ್ಪಲಿಗಳನ್ನು ಕೈಯಲ್ಲೇ ಹಿಡಿದು ಬದುಗುಂಟ ನಡೆದ. ಬಿಳಿಚಿದ ಒಣ ಮಣ್ಣಿನ ಮೇಲೆ ಒಂದೊಂದಾಗಿ ಕರಿಯ, ಹಸಿ ಹೆಜ್ಜೆಗಳು ಮೂಡುತ್ತ ಹೋದವು.

ಅಮರಗುಂಡಪ್ಪ ಎದ್ದು, ಹುಡುಗಿ ಬೇರೆ ಕಡೆ ನೋಡುತ್ತಿದ್ದಾಳೆಂದು ಖಾತ್ರಿ ಮಾಡಿಕೊಂಡು, ಮೊದಲ ಹೆಜ್ಜೆಯ ಮೇಲೆ ಕಾಲಿನಿಂದ ಮಣ್ಣು ಎಳೆದ. ಎರಡನೆಯದರ ಮೇಲೂ ಎಳೆದ. ತಲೆಯೆತ್ತಿದಾಗ ಹೆಜ್ಜೆಗಳು ಬದು ಮುಗಿಸಿ, ಗುಡಿಯ ಕಡೆ ಹೋಗುವ ದಾರಿಗೆ ಇಳಿದಿದ್ದವು. ಮೇಲೆ ಸಣ್ಣ ಸದ್ದು ಮಾಡಿ ಕಂಬದ ತಲೆ ತಿರುಗಿತು.