ನಾಲ್ಕು ಗಂಟೆಯ ಕ್ಲಾಸು

"ಸ್ವಲ್ಪ ಬಲಕ್ಕ ಸರಸ್ರಿ, ಅಣ್ಣನ ತಲಿ ವಾಲಾಕತ್ತೈತಿ," ಎನ್ನುತ್ತ ಶಂಕ್ರಪ್ಪ ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದ ಅಣ್ಣನ ಎದೆಗೆ ಶಾಲು ಸುತ್ತಿ, ಗೂಟಕ್ಕೆ ಬಿಗಿಯುತ್ತಿದ್ದ.

ಸಂಶಿಯ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾಗಿದ್ದ ಸಂಗನಬಸವ ಮಾಸ್ತರರು ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು. ಅವರ ಪೈಕಿ ಸತ್ತವರನ್ನು ಮಲಗಿಸುವುದಿಲ್ಲ. ಕೂಡಿಸಿಯೇ ಇಡುತ್ತಾರೆ, ಕೂಡಿಸಿಯೇ ಒಯ್ಯುತ್ತಾರೆ, ಕೂಡಿಸಿಯೇ ಮಣ್ಣು ಕೊಡುತ್ತಾರೆ. ಹಣೆ ತುಂಬ ವಿಭೂತಿ, ತಲೆಗೆ ಹೊಸ ರುಮಾಲು, ಕೊರಳಿಗೆ ಸೇವಂತಿಗೆಯ ದಪ್ಪ ಹಾರ. ಬದುಕಿದ್ದಾಗ ಹೀಗೆ ಸಿಂಗಾರವಾಗಿ ಕೂಡ್ರೆಂದಿದ್ದರೆ ಎದ್ದು ಓಡುತ್ತಿದ್ದ ಮನುಷ್ಯ.

"ಎಷ್ಟಾತು?" ಗಂಡನ ಪಕ್ಕದಲ್ಲಿ ಕೂತಿದ್ದ ಶಾರದವ್ವ ಕೇಳಿದಳು.

"ಮೂರೂವರಿ ವೈನಿ. ಮಂದಿ ಎಲ್ಲಾ ಬಂದಾರ. ಇನ್ನ ಎತ್ತೂಣು."

"ಐದಕ್ಕ ಎತ್ತೂಣು. ನಾಕಕ್ಕ ಕ್ಲಾಸ್ ಐತಿ."

"ಯಾರ ಕ್ಲಾಸು?"

"ನಿಮ್ಮಣ್ಣಂದು."

ಶಂಕ್ರಪ್ಪನ ಕೈಯಲ್ಲಿದ್ದ ಗಂಟು ಸಡಿಲಾಯಿತು. "ಮಾಸ್ತರ ಇಲ್ಲೆ ಹಿಂಗ ಕುಂತಾನ. ಕ್ಲಾಸ್ ಯಾರ ತಗೋತಾರ?"

"ನಾ ತಗೋತೀನಿ."

ಬಾಗಿಲ ಬಳಿ ಹೆಂಗಸರ ಅಳು ಗಕ್ಕನೆ ನಿಂತಿತು. ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟ ಶಾರದವ್ವ ಇಂಗ್ಲಿಷ್ ಕಲಿಸುತ್ತಾಳೆಂದರೆ ದುಃಖಕ್ಕೂ ಒಂದು ಗಳಿಗೆ ಬಿಡುವು ಬೇಕಾಯಿತು.

* * *

ಎರಡು ವರ್ಷದ ಹಿಂದೆ, ಬಸ್‌ಸ್ಟ್ಯಾಂಡಿನ ಬಾಜು ಝೆರಾಕ್ಸ್ ಅಂಗಡಿ ಇಟ್ಟಿದ್ದ ಹಳೆಯ ವಿದ್ಯಾರ್ಥಿನಿ ಜಹೀರಾ ಮಾಸ್ತರರ ಹೆಸರನ್ನು ಆನ್‌ಲೈನ್ ಪಾಠದವರ ಪಟ್ಟಿಗೆ ಸೇರಿಸಿದ್ದಳು. ಸಿಕ್ಕ ವಿದ್ಯಾರ್ಥಿ ಒಬ್ಬಳೇ. ಪೆರು ದೇಶದ ಅರೆಕಿಪಾ ಊರಿನ ಮಾರಿಸೋಲ್. ನಲವತ್ತೆರಡು ವಯಸ್ಸು, ಸ್ಪ್ಯಾನಿಷ್ ಮನೆಮಾತು, ಉಣ್ಣೆ ನೂಲಿನ ಕಂಪನಿಯೊಂದರಲ್ಲಿ ಅಕೌಂಟೆಂಟು. ಇಂಗ್ಲಿಷಿನಲ್ಲಿ ಪುಟಗಟ್ಟಲೆ ವರದಿ ಬರೆಯುತ್ತಿದ್ದಳು. ಲಂಡನ್ನಿನ ಹೆಡ್ಡಾಫೀಸಿನವರು ಫೋನಿನಲ್ಲಿ ಒಂದು ಪ್ರಶ್ನೆ ಕೇಳಿದರೆ ಮಾತ್ರ ನಾಲಗೆ ಅಂಗುಳಕ್ಕೆ ಅಂಟುತ್ತಿತ್ತು. ಅದಕ್ಕಾಗಿಯೇ ವಿಭಾಗದ ಮುಖ್ಯಸ್ಥೆಯ ಕುರ್ಚಿ ಎರಡು ಸಲ ಅವಳ ಕೈತಪ್ಪಿತ್ತು.

"ಕಾಗದದ ಮ್ಯಾಲ ಹುಲಿ, ಫೋನಿನ್ಯಾಗ ಇಲಿ," ಎಂದು ಮಾಸ್ತರರು ಮೊದಲ ದಿನವೇ ರೋಗ ಹಿಡಿದರು.

ವ್ಯಾಕರಣದ ಪುಸ್ತಕ ಮುಚ್ಚಿಟ್ಟು ತಾವೇ ಲಂಡನ್ ಸಾಹೇಬರಾದರು. ಬಾಯಲ್ಲಿ ಬಿಸಿ ಮಿರ್ಚಿ ಇಟ್ಟುಕೊಂಡವರ ದನಿಯಲ್ಲಿ, "ವೈ ಈಸ್ ದ ರಿಪೋರ್ಟ್ ಲೇಟ್?" ಎಂದು ಗದರುತ್ತಿದ್ದರು. ಉತ್ತರಕ್ಕೆ ಅವರದೊಂದು ಕಟ್ಟಳೆಯಿತ್ತು. ಏನಾಯಿತು, ಯಾಕಾಯಿತು, ಮುಂದೇನು ಮಾಡುತ್ತೀರಿ. ಮೂರೇ ಮಾತು. ನಡುವೆ 'ಸಾರಿ' ಬಂದರೆ ಮತ್ತೆ ಮೊದಲಿನಿಂದ.

"ತಪ್ಪು ಮಾಡದಾಕಿ ಸಾರಿ ಯಾಕನಬೇಕು?" ಎಂದು ಅವರು ಅಡುಗೆಮನೆಯತ್ತ ತಿರುಗಿ ಹೇಳುವರು. "ನಮ್ಮ ಸಂತ್ಯಾಗ ಉಳ್ಳಾಗಡ್ಡಿ ಮಾರಾಕಿ ಸಾರಿ ಅಂತಾಳೇನು?"

"ಹೌದ್ರಿ, ಆಕಿ ನಿಮಗ ತಿರುಗಿ ಬೈತಾಳ," ಎನ್ನುವಳು ಶಾರದವ್ವ.

ಮೂರು ತಿಂಗಳ ಹಿಂದೆ ಮಾಸ್ತರರಿಗೆ ಉಸಿರು ಸಾಲದಾಯಿತು. ಒಂದು ವಾಕ್ಯಕ್ಕೆ ಎರಡು ಸಲ ಏದುಸಿರು ಬಿಡುವ ಸಾಹೇಬನಿಗೆ ಯಾರು ಹೆದರುತ್ತಾರೆ? ಹದಿನಾಲ್ಕು ಪ್ರಶ್ನೆಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ಹೆಂಡತಿಯ ಕೈಗಿತ್ತರು. "ಇನ್ನ ಮ್ಯಾಲ ಸಾಹೇಬ ನೀನ."

"ನನಗೇನ ತಿಳೀತೈತಿ? ಆಕಿ ಸರಿ ಹೇಳಿದ್ಲೋ ತಪ್ಪು ಹೇಳಿದ್ಲೋ?"

"ತಿಳಿಯೂದ ಬ್ಯಾಡ. ತಡವರಿಸಿದ್ರ ಗೊತ್ತಾಗತೈತಲ್ಲ?"

ಅದು ಗೊತ್ತಾಗುತ್ತಿತ್ತು. ಚಟಪಟ ಎನ್ನುವ ಒಗ್ಗರಣೆ ಯಾವಾಗ ಸುಮ್ಮನಾಯಿತೆಂದು ಬೆನ್ನು ಮಾಡಿಯೇ ತಿಳಿಯುವ ಕಿವಿ ಅವಳದು. ಗಂಡ ಮಾಡುತ್ತಿದ್ದ ಸಾಹೇಬನ ದನಿಯನ್ನು ಎಷ್ಟು ಚಂದ ಅನುಕರಿಸಿದಳೆಂದರೆ, ಮೊದಲ ದಿನ ಮಾರಿಸೋಲ್ ನಿಜವಾಗಿಯೂ ಬೆವತಳು. ಮಾಸ್ತರರು ನಗಲು ಹೋಗಿ ಕೆಮ್ಮಿದರು.

* * *

"ಹೆಣಾ ಇಟ್ಕೊಂಡು ಸಾಲಿ ನಡಸ್ತೀಯೇನ ವೈನಿ? ಊರ ಮಂದಿ ಏನಂದಾರು?" ಶಂಕ್ರಪ್ಪನ ದನಿ ಏರಿತು.

"ಇವತ್ತ ಐದಕ್ಕ ಲಂಡನ್ ಮಂದಿ ಬಡ್ತಿ ಸಲುವಾಗಿ ಆಕೀನ ಪ್ರಶ್ನೆ ಕೇಳ್ತಾರ. ಮೂರನೇ ಸರ್ತಿ. ಇದೂ ತಪ್ಪಿದ್ರ ಹೊರಗಿನವರ್ನ ತಂದು ಕೂಡಸ್ತಾರ. ಕಡೀ ತಾಲೀಮು ಇದು. ನಿಮ್ಮಣ್ಣ ಒಂದ ದಿನಾನೂ ಆಕಿ ಕ್ಲಾಸ್ ತಪ್ಪಿಸಿಲ್ಲ. ನಾ ತಪ್ಪಸಾಂಗಿಲ್ಲ."

ಶಂಕ್ರಪ್ಪ ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರ ಮುಖ ನೋಡಿದ. ಅವರೂ ಮಾಸ್ತರರ ಕೈಯಲ್ಲಿ ಕಲಿತು ಹತ್ತನೇ ಕ್ಲಾಸಿನ ಇಂಗ್ಲಿಷ್ ಎರಡು ಸಲ ಬರೆದವರು.

"ಗಂಟಿ ಆಗೂಕಿಂತ ಮೊದಲ ಮಾಸ್ತರ ಸಾಲಿ ಬಿಟ್ಟು ಎದ್ದದ್ದು ನಾವಂತೂ ನೋಡಿಲ್ಲಪಾ," ಎಂದರು ಅಯ್ಯನವರು. "ಮುಗೀಲಿ."

ಗಂಡನಿಂದ ಎರಡು ಮೊಳ ದೂರ ಸರಿದು ಶಾರದವ್ವ ಚಾಪೆಯ ಮೇಲೆ ಕೂತಳು. ಜಹೀರಾ ಫೋನನ್ನು ಹಿತ್ತಾಳೆ ತಂಬಿಗೆಗೆ ಆನಿಸಿಟ್ಟಳು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಲೇ ಇತ್ತು.

"ಹೇಳಿಬಿಡೂಣ್ರಿ ಅವ್ವಾರ. ಪಾಪ, ಆಕಿಗೂ ತಿಳೀಲಿ."

"ಹೇಳಿದ್ರ ಅಳ್ತಾಳ. ಅತ್ತ ಬಾಯಾಗ ಮಾತ ಹೊಂಡೂದಿಲ್ಲ. ನನ್ನ ನೋಡು, ಅದಕ್ಕ ಮುಂಜಾನಿಂದ ಅತ್ತಿಲ್ಲ. ಆಕಿ ಕೆಲಸ ಮುಗೀಲಿ, ಸಂಜಿಕ್ ನೀನ ಹೇಳು."

ಭಜನೆಯ ಮೇಳದ ದಾವೂದಸಾಬ ತಾಳಗಳನ್ನು ಎದೆಗೊತ್ತಿ ಹಿಡಿದು, "ಸುಮ್ಮಕಿರ್ರೋ, ಸಾಲಿ ಚಾಲೂ ಆತು," ಎಂದ.

ಪರದೆಯಲ್ಲಿ ಮಾರಿಸೋಲ್ ಬಂದಳು. ಅಲ್ಲಿ ಬೆಳಗಿನ ಐದೂವರೆ. ಆಗಲೇ ಕರಿ ಕೋಟು ತೊಟ್ಟು, ಕೂದಲು ಹಿಂದಕ್ಕೆ ಕಟ್ಟಿದ್ದಳು. "ಗುಡ್ ಮಾರ್ನಿಂಗ್ ಮೇಡಂ. ಸರ್?"

ಶಾರದವ್ವ ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಪಡಿಸಿ, ಗಂಡನ ದನಿ ತೆಗೆದಳು. "ವೈ ಈಸ್ ದ ರಿಪೋರ್ಟ್ ಲೇಟ್?"

ಅಂಗಳದಲ್ಲಿ ಒಬ್ಬಳು ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡಳು. "ಯವ್ವಾ, ಮಾಸ್ತರ ಮಾತಾಡಿದಂಗಾತು!"

ಮಾರಿಸೋಲ್ ಶುರುಮಾಡಿದಳು, ಎಡವಿದಳು, 'ಸಾರಿ' ಎಂದಳು.

"ಅಗೇನ್," ಎಂದಳು ಶಾರದವ್ವ.

"ಏನ ಮಾಡಾಕತ್ತಾಳ?" ಅಂಗಳದಲ್ಲಿ ಪಿಸುಮಾತು ಎದ್ದಿತು.

"ಬೈಯಾಕತ್ತಾಳ ನೋಡು."

"ಪಾಪ, ಯಾರ ಮಗಳೋ ಏನೋ. ಚಾ ಕುಡಿದಾಳೋ ಇಲ್ಲೋ."

ಎರಡನೆಯ ಸಲವೂ ಉತ್ತರ ನಡುವೆ ನಿಂತಿತು. ಮಾರಿಸೋಲ್ ಕಣ್ಣು ಮುಚ್ಚಿ ತಲೆಯಾಡಿಸಿದಳು, ಕೈಲಾಗದು ಎನ್ನುವ ಹಾಗೆ. ಶಾರದವ್ವ ಪಕ್ಕದ ಗಂಡನತ್ತ ನೋಡಲಿಲ್ಲ. ನೋಡಿದರೆ ತನ್ನ ಮಾತೂ ಹೀಗೇ ನಿಲ್ಲುತ್ತದೆ ಎಂದು ಗೊತ್ತಿತ್ತು.

"ಅಗೇನ್."

ಮೂರನೆಯ ಸಲ ಮಾರಿಸೋಲ್ ಉಸಿರೆಳೆದುಕೊಂಡಳು. ಏನಾಯಿತು ಎಂದು ಹೇಳಿದಳು. ಯಾಕಾಯಿತು ಎಂದಳು. ಮುಂದೇನು ಎನ್ನುವಲ್ಲಿ ದನಿ ನಡುಗಿತು. ಅಂಗಳದ ಮಂದಿ ಒಂದು ಅಕ್ಷರ ತಿಳಿಯದಿದ್ದರೂ ಉಸಿರು ಬಿಗಿಹಿಡಿದರು. ಮಾತು ದಾಟಿತು.

"ಹಾಂ, ಬಂತ ನೋಡು!" ಎಂದ ಶಂಕ್ರಪ್ಪ. ಹಾಗೆಂದದ್ದು ತಾನೇ ಎಂದು ತಿಳಿದು ಕೆಮ್ಮಿದ.

ಹದಿನಾಲ್ಕು ಪ್ರಶ್ನೆ ಮುಗಿಯುವಾಗ ನಾಲ್ಕೂಮುಕ್ಕಾಲು. ಮಾರಿಸೋಲ್ ನಗುತ್ತಿದ್ದಳು. ಸರ್ ಎಲ್ಲಿ, ಅವರಿಗೆ ಥ್ಯಾಂಕ್ಸ್ ಹೇಳಬೇಕು, ಒಂದೇ ನಿಮಿಷ, ಎಂದು ಕೇಳಿದಳು. ಮತ್ತೊಮ್ಮೆ ಕೇಳಿದಳು.

ಶಾರದವ್ವನ ಬಳಿ ಇದ್ದ ಇಂಗ್ಲಿಷಿನಲ್ಲಿ ಬರೀ ಪ್ರಶ್ನೆಗಳಿದ್ದವು. ಸುಳ್ಳು ಹೇಳುವಷ್ಟು ಅವಳಿಗೆ ಯಾರೂ ಕಲಿಸಿರಲಿಲ್ಲ. ಅವಳು ತಂಬಿಗೆಯನ್ನೂ ಫೋನನ್ನೂ ಗಂಡನ ಕಡೆ ತಿರುಗಿಸಿದಳು.

ಜಹೀರಾ ಬಾಯಿ ಮುಚ್ಚಿಕೊಂಡಳು.

ಮಾರಿಸೋಲ್ ನೋಡಿದಳು. ರುಮಾಲು, ಹಾರ, ಸುತ್ತ ಕಿಕ್ಕಿರಿದ ಜನ, ನಡುವೆ ಗತ್ತಿನಿಂದ ನೆಟ್ಟಗೆ ಕೂತ ಗುರು. ಅವಳ ಊರಿನಲ್ಲಿ ಸತ್ತವರು ಮಲಗುತ್ತಾರೆ. ಅವಳು ಎರಡೂ ಕೈಯಿಂದ ಚಪ್ಪಾಳೆ ತಟ್ಟಿದಳು.

"ಓ ಸರ್! ಫಂಕ್ಷನ್? ಫಾರ್ ಯು?"

ಎಲ್ಲರೂ ಶಾರದವ್ವನ ಕಡೆ ನೋಡಿದರು.

"ಯೆಸ್," ಎಂದಳು ಶಾರದವ್ವ. "ಫಂಕ್ಷನ್."

ಆಮೇಲೆ ಮಾರಿಸೋಲ್ ಮಾತಾಡಿದಳು. ಚೀಟಿ ನೋಡಲಿಲ್ಲ, ಕಣ್ಣು ಮುಚ್ಚಲಿಲ್ಲ, ಒಂದು ಕಡೆಯೂ ನಿಲ್ಲಲಿಲ್ಲ. ಹೆದರುತ್ತಿದ್ದೆ, ಈಗ ಹೆದರುವುದಿಲ್ಲ, ಗೆದ್ದರೆ ಮೊದಲ ಫೋನು ನಿಮಗೇ ಸರ್ ಎಂದಳು. ಮಾಸ್ತರರು ಮೊದಲ ಸಲ, ನಡುವೆ ಬಾಯಿ ಹಾಕದೆ, ಪೂರ್ತಿ ಕೇಳಿಸಿಕೊಂಡರು.

ಐದಕ್ಕೆ ಲಂಡನ್ನಿನ ಕರೆ ಬಂದು ಅವಳ ಮೇಜಿನ ಲ್ಯಾಪ್‌ಟಾಪು ಗುಂಯ್‌ಗುಟ್ಟಿತು. ಅವಳು ಅದರತ್ತ ತಿರುಗಿದಳು. ಅವಸರದಲ್ಲಿ ಈ ಫೋನು ಬಂದ್ ಮಾಡಲು ಮರೆತಳು. ಜಹೀರಾ ಮುಗಿಸಲೆಂದು ಬೆರಳು ಚಾಚಿದಾಗ ಶಾರದವ್ವ ಅವಳ ಕೈ ಹಿಡಿದಳು.

"ಈ ಕಡೆ ದನಿ ಅಷ್ಟ ಹೋಗಬಾರ್ದು. ಆಕಿದು ಕೇಳಬೇಕು."

ಜಹೀರಾ ಒಂದು ಗುಂಡಿ ಒತ್ತಿ ಫೋನು ಕೊಟ್ಟಳು. ಅಯ್ಯನವರು ಸನ್ನೆ ಮಾಡಿದರು. ಗೂಟದ ಶಾಲು ಬಿಚ್ಚಿ, ಮಾಸ್ತರರನ್ನು ಕುರ್ಚಿಯಲ್ಲಿ ಕೂಡಿಸಿ, ನಾಲ್ವರು ಅದಕ್ಕೆ ಹೆಗಲು ಕೊಟ್ಟರು. ಮಾಸ್ತರರು ಎಲ್ಲರ ತಲೆಗಿಂತ ಎತ್ತರಕ್ಕೆ ಎದ್ದು ಬಾಗಿಲು ದಾಟಿದರು.

ದಾವೂದಸಾಬ ತಾಳ ಬಾರಿಸಲು ಕೈಯೆತ್ತಿದವನು, ಹಿಂದೆ ಬರುತ್ತಿದ್ದ ಶಾರದವ್ವನನ್ನು ನೋಡಿ ಹಾಗೆಯೇ ನಿಂತ. ಅವಳು ಫೋನನ್ನು ಕಿವಿಗೊತ್ತಿ ನಡೆಯುತ್ತಿದ್ದಳು. ಓಣಿಯ ತುಂಬ ಚಪ್ಪಲಿಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಶಂಕ್ರಪ್ಪ ಹತ್ತಿರ ಬಂದು, "ಏನಂತಾಳ ವೈನಿ?" ಎಂದು ಪಿಸುಗುಟ್ಟಿದ.

ಶಾರದವ್ವ ತಲೆಯೆತ್ತದೆ, ಸುಮ್ಮನಿರೆಂದು ಒಂದು ಕೈ ಮೇಲೆತ್ತಿದಳು. ಕಿವಿಯಲ್ಲಿ ಆ ಹೆಂಗಸಿನ ದನಿ ಎಲ್ಲಿಯೂ ತಡೆಯದೆ ಹರಿಯುತ್ತಿತ್ತು. ಅವಳ ಆ ಕೈ ಊರಿನ ಅಗಸಿ ಬಾಗಿಲು ದಾಟುವವರೆಗೂ ಹಾಗೇ ಮೇಲಿತ್ತು. ಅದರ ಹಿಂದೆ ಇಡೀ ಓಣಿ ಬಾಯಿ ಮುಚ್ಚಿ ನಡೆಯಿತು.