ಮೊಸರೂ ಇರಲಿ, ಮಾತ್ರೆಯೂ ಇರಲಿ

ಬೇಕರಿಯವನ ಹೆಂಡತಿ ನಗುವುದನ್ನೇ ಮರೆತಿದ್ದಳು. ಒಲೆ ಮೇಲೆ ಹಾಲಿಟ್ಟು ಮರೆಯುವಳು. ಗಿರಾಕಿ ಕೇಳಿದ್ದೊಂದು, ಅವಳು ಕಟ್ಟಿಕೊಟ್ಟಿದ್ದೊಂದು. ಊಟವೆಂದರೆ ಮಾರಾಟವಾಗದೆ ಉಳಿದ ಬನ್ನು, ಜೊತೆಗೆ ಸಕ್ಕರೆ ಸುರಿದ ಚಹಾ. ಆರೋಗ್ಯ ಕೇಂದ್ರದ ಡಾಕ್ಟರು ಇದು ಖಿನ್ನತೆ ಎಂದು ಹೇಳಿ ಮಾತ್ರೆ ಕೊಟ್ಟರು. ಒಂದೆರಡು ತಿಂಗಳಲ್ಲಿ ಅವಳು ಮಗಳಿಗೆ ಜಡೆ ಹಾಕುವಷ್ಟು ಚೇತರಿಸಿಕೊಂಡಳು.

ಅಲ್ಲಿಗೆ ಬೇಕರಿಯವನು ಸುಮ್ಮನಿರಬೇಕಿತ್ತು. ಆದರೆ ಫೋನಿನ ವಿಡಿಯೊದಲ್ಲಿ ಯಾವನೋ ಪುಣ್ಯಾತ್ಮ ಹೊಟ್ಟೆಯ ಒಳ್ಳೆಯ ಸೂಕ್ಷ್ಮಜೀವಿಗಳೇ ಮನಸ್ಸನ್ನು ಆಳುತ್ತವೆ, ಅಂಥ ಜೀವಿಗಳಿರುವ ಪ್ರೋಬಯಾಟಿಕ್ ಪುಡಿ ತಿಂದರೆ ಸಾಕು, ಮಾತ್ರೆ ಅವನ್ನು ಕೊಲ್ಲುತ್ತದೆ ಎಂದು ಹೇಳಿದ್ದು ಇವನ ತಲೆಗೆ ಹೊಕ್ಕಿತು. ಬೇರೆಯವರಾದರೆ ಅನುಮಾನಪಡುತ್ತಿದ್ದರೇನೋ. ಇವನು ಚಿಟಿಕೆ ಹುದುಗಿಗೆ ತೊಟ್ಟಿ ಹಿಟ್ಟು ಉಬ್ಬುವುದನ್ನು ದಿನಾ ನೋಡುವವನು.

“ಹುದುಗಿನ ಮೇಲೆ ಉಪ್ಪು ಸುರಿದ್ರೆ ಸಾಯುತ್ತೆ. ಈ ಮಾತ್ರೇನೂ ಹಾಗೇ. ಬಿಟ್ಬಿಡು, ಇದನ್ನ ತಿನ್ನು,” ಅಂದು ಪುಡಿಯ ಡಬ್ಬಿ ತಂದುಕೊಟ್ಟ.

ಅವಳು ಬಿಟ್ಟಳು. ಬ್ರೆಡ್ಡು ಕೊಳ್ಳಲು ಬಂದ ಆರೋಗ್ಯ ಕೇಂದ್ರದ ನರ್ಸಮ್ಮ ವಿಷಯ ತಿಳಿದು, ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ ಎಂದು ಬೇಡಿಕೊಂಡರು. ಇವನು ಕೇಳಬೇಕಲ್ಲ! ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಪುಡಿಯ ಡಬ್ಬಿ ಖಾಲಿಯಾಗುತ್ತಾ ಬಂತು. ಅವಳ ನಿದ್ದೆ ಹೋಯಿತು, ಮಾತು ಕಡಿಮೆಯಾಯಿತು. ಒಂದು ಬೆಳಿಗ್ಗೆ ಮಗಳು ಅಂಗಡಿಗೆ ಬಂದು ಕೇಳಿದಳು:

“ಅಪ್ಪಾ, ನಾನಿಲ್ದಿದ್ರೂ ಜಾಣೆಯಾಗಿರು ಅಂತ ಅಮ್ಮ ಹೇಳ್ತಾಳೆ. ಎಲ್ಲಿಗೆ ಹೋಗ್ತಾಳಪ್ಪ?”

ಅವನು ಹಿಟ್ಟಿನ ಕೈಯಲ್ಲೇ ಓಡಿಹೋಗಿ ನರ್ಸಮ್ಮನನ್ನು ಕರೆತಂದ. ಅವರು ಅವಳ ಪಕ್ಕ ಮಂಚದ ಮೇಲೆ ಕೂತು ಮೆಲ್ಲಗೆ ಕೇಳಿದರು: “ಸಾಯ್ಬೇಕು ಅನ್ನಿಸ್ತಿದೆಯಾ ತಂಗಿ?”

ಅವಳು ಹೂಂ ಎಂದಳು. ಬಾಗಿಲಲ್ಲಿ ನಿಂತಿದ್ದ ಗಂಡ ಅವಳನ್ನು ಆಸ್ಪತ್ರೆಗೆ ಕರೆದೊಯ್ಯಲು ಆಟೋ ತರಲು ಓಡಿದ.

ಆಸ್ಪತ್ರೆಯ ಬೆಂಚಿನ ಮೇಲೆ ಅವನು ನರ್ಸಮ್ಮನನ್ನು ಕೇಳಿದ್ದು ಒಂದೇ. “ಹಾಗಾದ್ರೆ ಆ ಪುಡಿ ಸುಳ್ಳಾ ಅಕ್ಕ?”

“ಪೂರ್ತಿ ಸುಳ್ಳಲ್ಲಪ್ಪ. ಹೊಟ್ಟೆಗೂ ಮನಸ್ಸಿಗೂ ನಂಟಿದೆ. ಮೊಸರು, ಸೊಪ್ಪು, ಕಾಳು ತಿಂದ್ರೆ ಒಳ್ಳೇದೇ. ಪ್ರೋಬಯಾಟಿಕ್ಕಿನಿಂದ ಮನಸ್ಸಿಗೆ ಎಷ್ಟು ಸಹಾಯ ಆಗುತ್ತೆ ಅಂತ ಇನ್ನೂ ಪರೀಕ್ಷೆ ಮಾಡ್ತಾನೇ ಇದಾರೆ. ಆದ್ರೆ ಮಾತ್ರೆ ಜಾಗಕ್ಕೆ ಅದು ಬರಲ್ಲ.”

ಡಾಕ್ಟರು ಮತ್ತೆ ಶುರುಮಾಡಿದ ಮಾತ್ರೆಯನ್ನು ಈಗ ಅವನೇ ನೆನಪಿಸುತ್ತಾನೆ, ಬನ್ನಿನ ಬದಲು ಬಿಸಿ ಊಟ ಬಡಿಸಿ ಜೊತೆಗೆ ಕೂತು ಉಣ್ಣುತ್ತಾನೆ. ಅವಳಿನ್ನೂ ಪೂರ್ತಿ ಗುಣವಾಗಿಲ್ಲ. ಕೆಲವು ದಿನ ಹಾಸಿಗೆ ಬಿಟ್ಟೇಳುವುದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಒಳ್ಳೆಯ ಊಟ ಮಾಡಿ, ಮೊಸರು ತಿನ್ನಿ. ಆದರೆ ಮನಸ್ಸಿನ ಕಾಯಿಲೆಯ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಮನೆಯವರು ಸಾವಿನ ಮಾತಾಡಿದರೆ ಗದರಬೇಡಿ, ಒಂಟಿಯಾಗಿ ಬಿಡಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಬೇಕರಿಯವನಿಗೆ ಮಗಳು ಬಂದು ಹೇಳಿದಳು. ನಿಮ್ಮ ಮನೆಯಲ್ಲಿ ಹೇಳುವವರು ಇಲ್ಲದಿರಬಹುದು, ಸಾಯಬೇಕು ಅನ್ನಿಸುತ್ತಿದೆಯಾ ಎಂದು ನರ್ಸಮ್ಮನ ಹಾಗೆ ನೀವೇ ಮೆಲ್ಲಗೆ ಕೇಳಿ.